ಅಂಗಳದಲ್ಲಿ ನಿಂತವನ ಪಾಲಿನ ರೊಟ್ಟಿ

“ಗುರುಗಳೇ, ಕ್ಷಮೆ ಸಿಕ್ಕ ಮೇಲೂ ಶಿಕ್ಷೆ ಅನುಭವಿಸುವುದು ಒಳ್ಳೆಯದಲ್ಲವೇ?” ಎಂದು ಚೌರಪ್ಪ ಕೇಳಿದ.

ಅವನು ಒಂದು ಕ್ರೈಸ್ತ ಆಶ್ರಮದ ಶಿಷ್ಯ. ಅವನಾಡಿದ ಒಂದು ಸುಳ್ಳಿನಿಂದ ಜೊತೆಯ ಶಿಷ್ಯ ಇನ್ನಾಸಪ್ಪ ಆಶ್ರಮ ಬಿಟ್ಟು ಹೋಗಬೇಕಾಗಿತ್ತು. ಸತ್ಯ ಹೊರಬಿದ್ದು ಇನ್ನಾಸಪ್ಪ ಮರಳಿ ಬಂದ, ಕ್ಷಮಿಸಿದ್ದೇನೆ ಎಂದೂ ಹೇಳಿದ. ಆದರೆ ಅಂದಿನಿಂದ ಚೌರಪ್ಪ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ.

“ಭಲೇ! ಅಪರಾಧಿಯೂ ನೀನೇ, ನ್ಯಾಯಾಧೀಶನೂ ನೀನೇ. ಇನ್ನು ನಮಗೇನು ಕೆಲಸ?” ಎಂದು ಗುರುಗಳು ನಕ್ಕರು. “ಕೂತುಕೋ. ಒಬ್ಬ ಸಂತನ ಕತೆ ಹೇಳುತ್ತೇನೆ. ಸಂತನಾಗುವ ಮೊದಲು ಅವನು ಕಳ್ಳ. ಅದೂ ಎಂಥ ಕಳ್ಳ, ಹಸಿದವರ ಅನ್ನ ಕದಿಯುವವನು.

“ರೋಮಿನ ಚಕ್ರವರ್ತಿಗಳು ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕುತ್ತಿದ್ದ ಕಾಲ. ಒಂದು ಊರಿನ ಸೆರೆಮನೆಯಲ್ಲಿ ಒಬ್ಬ ಕಾವಲುಗಾರನಿದ್ದ. ಅಲ್ಲಿ ಸೆರೆಯವರಿಗೆ ಊಟ ಅವರವರ ಮನೆಯಿಂದಲೇ ಬರಬೇಕು. ಒಬ್ಬ ಮುದುಕ ನೇಕಾರನಿಗೆ ಅವನ ಹೆಂಡತಿ ದಿನವೂ ಬುಟ್ಟಿಯಲ್ಲಿ ರೊಟ್ಟಿ ತರುತ್ತಿದ್ದಳು. ಬಾಗಿಲಲ್ಲಿ ಇಸಿದುಕೊಳ್ಳುವವನು ಈ ಕಾವಲುಗಾರ. ಬಿಸಿ ರೊಟ್ಟಿ ತಾನು ತಿಂದು, ಒಣಕಲು ಚೂರನ್ನು ಒಳಗೆ ಎಸೆಯುತ್ತಿದ್ದ. ಖಾಲಿ ಬುಟ್ಟಿ ನೋಡಿ ಆ ತಾಯಿ, ಗಂಡ ಹೊಟ್ಟೆತುಂಬ ಉಂಡನೆಂದು ಸಂತೋಷಪಡುತ್ತಿದ್ದಳು. ಅಯ್ಯೋ ಪಾಪ!

“ನೇಕಾರ ಸೊರಗಿ ಸೊರಗಿ ಹಾಸಿಗೆ ಹಿಡಿದ. ಸಾಯುವ ಮುನ್ನ ಕಾವಲುಗಾರನನ್ನು ಹತ್ತಿರ ಕರೆದು, ‘ರೊಟ್ಟಿ ಚೆನ್ನಾಗಿತ್ತೇನಪ್ಪ? ನನ್ನವಳ ಕೈರುಚಿಯೇ ಹಾಗೆ’ ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವನಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರ ಹತ್ತಿರವೂ ದೂರು ಹೇಳಿರಲಿಲ್ಲ.

“ಕಾವಲುಗಾರ ಅಂದೇ ಕೆಲಸ ಬಿಟ್ಟ. ಕ್ರೈಸ್ತರ ಸಭೆಗೆ ಹೋಗಿ ಎಲ್ಲರೆದುರು ತಪ್ಪೊಪ್ಪಿಕೊಂಡ. ನೇಕಾರನ ಹೆಂಡತಿ ಅತ್ತಳು, ಬಹಳ ಅತ್ತಳು. ಕೊನೆಗೆ ಕ್ಷಮಿಸಿದ್ದೇನೆ ಎಂದಳು. ಕಾಲ ಬಂದಾಗ ಅವನಿಗೆ ಕ್ರೈಸ್ತನಾಗುವ ದೀಕ್ಷಾಸ್ನಾನವೂ ಆಯಿತು.

“ಆ ಸಭೆಯಲ್ಲೊಂದು ಕಟ್ಟಳೆ. ಪೂಜೆಯಲ್ಲಿ ಪ್ರಭುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಹೊತ್ತಿಗೆ ದೀಕ್ಷೆಯಾಗದವರು ಎದ್ದು ಹೊರಗೆ ಹೋಗಬೇಕು, ದೀಕ್ಷೆಯಾದವರು ಉಳಿದು ತಿನ್ನಬೇಕು. ಈ ಮಹಾರಾಯ ದೀಕ್ಷೆಯಾದ ಮೇಲೂ ಹೊರಗೆ ಹೋಗುವವರ ಜೊತೆಗೇ ಎದ್ದು ಹೋಗುತ್ತಿದ್ದ! ಕದ್ದು ತಿಂದ ಬಾಯಿಗೆ ಈ ರೊಟ್ಟಿ ಸಲ್ಲದು ಎಂದುಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದ. ಹಿರಿಯರು ಕರೆದರು, ಬರಲಿಲ್ಲ. ‘ಎಂಥ ನಮ್ರತೆ!’ ಎಂದು ಜನ ಹೊಗಳಿದರು. ಜನಕ್ಕೇನು, ಹೊಗಳಲು ಖರ್ಚಿಲ್ಲ.

“ಕಾಯಿಲೆಯವರಿಗೂ ಸೆರೆಯವರಿಗೂ ಅದೇ ರೊಟ್ಟಿಯಲ್ಲಿ ಪಾಲು ತೆಗೆದಿಟ್ಟು ಕಳಿಸುವುದು ಅವರ ಇನ್ನೊಂದು ಪದ್ಧತಿ. ಒಂದು ಭಾನುವಾರ ನೇಕಾರನ ಹೆಂಡತಿ ಎದ್ದು, ‘ಸೆರೆಯವರ ಪಾಲಿನಲ್ಲಿ ಒಂದು ತುಂಡು ಕೊಡಿ’ ಎಂದಳು. ‘ಸೆರೆಯಲ್ಲಿ ನಿನ್ನವರು ಈಗ ಯಾರಿದ್ದಾರಮ್ಮ?’ ಎಂದರು ಹಿರಿಯರು. ‘ಅಂಗಳದಲ್ಲೊಬ್ಬ ಇದ್ದಾನೆ’ ಎಂದು ಹೇಳಿ ನೇರ ಹೊರಗೆ ನಡೆದಳು.

“ಕಾವಲುಗಾರ ಅವಳನ್ನು ಕಂಡು ಹಿಂದೆ ಸರಿದ. ‘ನಿಲ್ಲಯ್ಯಾ’ ಎಂದಳು. ‘ಆಗ ಕದ್ದು ತಿಂದೆ. ಈಗ ನಾನೇ ಕೊಡುತ್ತಿದ್ದೇನೆ, ತಿನ್ನು. ನೀನು ಇಲ್ಲಿ ನಿಂತಾಗಿನಿಂದ ಒಳಗೆ ನನಗೆ ಒಂದು ತುತ್ತೂ ಗಂಟಲಿಳಿದಿಲ್ಲ. ನನ್ನ ಗಂಡನನ್ನು ಉಪವಾಸ ಕೆಡವಿದ್ದು ಸಾಲದೇ?’

“ಅವನು ಕೈಯೊಡ್ಡಿದ. ಅಳುತ್ತಲೇ ತಿಂದ. ಅವಳೂ ಅದರಲ್ಲೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅಬ್ಬಾ, ಅಷ್ಟು ದಿನದ ಮೇಲೆ ಆ ತಾಯಿ ನೆಮ್ಮದಿಯ ಉಸಿರೆಳೆದಳು! ಇಬ್ಬರೂ ಒಳಗೆ ಬಂದರು. ಬದುಕಿರುವ ತನಕ ಅವನು ಸೆರೆಯವರಿಗೆ ರೊಟ್ಟಿ ಹೊತ್ತ. ಆ ಊರು ಅವನನ್ನು ಸಂತನೆಂದಿತು.”

ಚೌರಪ್ಪನ ಮನಸ್ಸು ಹಗುರಾಯಿತು. “ಹಾಗಾದರೆ ನನಗೂ ಬಿಡುಗಡೆ ಉಂಟು ಅನ್ನಿ” ಎಂದ.

“ನಿನ್ನದು ಹಾಗಿರಲಿ, ಇನ್ನಾಸಪ್ಪ ಸರಿಯಾಗಿ ಉಣ್ಣುತ್ತಿದ್ದಾನೋ ಇಲ್ಲವೋ, ಒಂದು ದಿನವಾದರೂ ವಿಚಾರಿಸಿದೆಯಾ?”