ಬೋಳು ಟೈರಿನ ದಯೆ

ಆಯುಧಪೂಜೆಯ ದಿನ ಲೈನ್‌ಮನ್ ಚೆನ್ನವೀರ ತನ್ನ ಬೈಕಿನ ಎರಡೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು ಗಾಡಿಯನ್ನು ಮುಂದಕ್ಕೆ ಬಿಟ್ಟ. ಮುಂದಿನ ಟೈರು ತನ್ನ ಹಣ್ಣನ್ನು ಅಪ್ಪಚ್ಚಿ ಮಾಡಿತು. ಹಿಂದಿನ ಟೈರಿನಡಿಯ ಹಣ್ಣು ಮಾತ್ರ ಪುಸಕ್ಕನೆ ಜಾರಿ, ಇಡಿಯಾಗಿಯೇ ಅಂಗಳಕ್ಕೆ ಉರುಳಿತು.

"ಪಾಪ, ಬದುಕಿಕೊಳ್ಳಲಿ ಎಂದು ಬಿಟ್ಟೆ. ಇಷ್ಟು ವರ್ಷ ಕಂಬ ಕಂಬ ಸುತ್ತಿದ್ದೇನೆ, ವಯಸ್ಸಾದಂತೆ ದಯೆ ಬರುತ್ತದೆ," ಎಂದಿತು ಹಿಂದಿನ ಟೈರು.

"ತಮ್ಮ ದಯೆಗೆ ನಮಸ್ಕಾರ," ಎಂದಿತು ನಿಂಬೆ. "ಆದರೆ ನನ್ನನ್ನು ಬಿಟ್ಟದ್ದು ತಮ್ಮ ಮನಸ್ಸಲ್ಲ, ತಮ್ಮ ಸವೆದ ಮೈ. ನಾಳೆ ಮಳೆಯ ತಿರುವಿನಲ್ಲಿ ರಸ್ತೆಯನ್ನೂ ಹೀಗೆಯೇ ಬಿಡುತ್ತೀರಿ. ಆಗ ಉರುಳುವವನು ಚೆನ್ನವೀರ."

ಚೆನ್ನವೀರ ಹಣ್ಣನ್ನು ಎತ್ತಿಕೊಂಡು, ಬೋಳು ಟೈರನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

"ಬದಲಾಯಿಸಿಬಿಡಿ," ಎಂದಳು ಹೆಂಡತಿ ಶಾಂಭವಿ. "ಸಿಕ್ಕಿದ್ದನ್ನು ಹಾಕಿಸಬೇಡಿ, ಮುಂದಿನ ಟೈರಿಗೆ ಹೊಂದುವ ಜೋಡಿಯನ್ನೇ ಕೇಳಿ. ಒಂದು ಹಿಡಿದು ಇನ್ನೊಂದು ಜಾರಿದರೆ ಏನು ಬಂತು?"

ಮರುದಿನ ಮುಂದಿನದಕ್ಕೆ ಹೊಂದುವ ಹೊಸ ಟೈರು ಬಂತು. ಹಳೆಯದು ಹಿತ್ತಲಲ್ಲಿ ಮಣ್ಣು ತುಂಬಿಕೊಂಡು ಮಲಗಿತು. ಶರಬತ್ತು ಮಾಡಿ ಉಳಿದ ಆ ನಿಂಬೆಯ ಬೀಜವನ್ನು ಶಾಂಭವಿ ಅದರಲ್ಲೇ ಊರಿದಳು. ಮೊಳಕೆ ತಲೆಯೆತ್ತಿದಾಗ ಟೈರು ಮೆಲ್ಲಗೆ ಹೇಳಿತು: "ಈ ಸಲ ಬಿಡುವುದಿಲ್ಲ."