ಗೂಡಿನಲ್ಲಿಟ್ಟ ಚೆಂಡು

ಕಪಿಲಾ ನದಿಯ ದಡದಲ್ಲಿ ಒಂದು ಗರಡಿ. ಅದರ ಉಸ್ತಾದ್ ಜವರಪ್ಪನವರು. ಕುಸ್ತಿ ಆಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಗದರುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಮಾದೇಶ ಎಂಬ ಹುಡುಗ ಕೆಂಪು ಚೆಂಡು ಹಿಡಿದುಕೊಂಡು ಬಂದ. ಕುಸ್ತಿಯವನಲ್ಲ, ಕ್ರಿಕೆಟ್ಟಿನವನು. ದೂರದಿಂದ ಓಡಿ ಬಂದು ಜೋರಾಗಿ ಬೌಲಿಂಗ್ ಮಾಡುವವನು.

"ಸೊಂಟ ನೋವು ಉಸ್ತಾದ್ರೇ. ಬಾಲ್ ಬಿಡುವಾಗ ಎಡಗಡೆ ಚುಳ್ ಅಂತದೆ. ಬರೋ ತಿಂಗಳು ಜಿಲ್ಲಾ ತಂಡಕ್ಕೆ ಆಯ್ಕೆ."

"ಡಾಕ್ಟರಿಗೆ ತೋರಿಸ್ದಾ?"

"ತೋರಿಸ್ದೆ. ಸ್ಕ್ಯಾನಿಂಗ್ ಮಾಡ್ಸಿದ್ರು. ಮೂಳೆಗೇನೂ ಆಗಿಲ್ವಂತೆ. ನೋವು ಪೂರ್ತಿ ಹೋಗೋ ತನಕ ಬೌಲಿಂಗ್ ಬೇಡ, ಮೈ ಸಡಿಲ ಮಾಡೋ ವ್ಯಾಯಾಮ ಮಾಡು ಅಂದ್ರು."

"ಮತ್ತೆ ಇಲ್ಲಿಗ್ಯಾಕೆ ಬಂದೆ?"

"ವ್ಯಾಯಾಮ ದಿನಾ ಮಾಡ್ತೀನಿ. ನೋವು ಜಾಸ್ತಿನೇ ಆಯ್ತಾ ಅದೆ."

"ಎಲ್ಲಿ, ಮಾಡು ನೋಡವ."

ಮಾದೇಶ ಕಾಲು ಜೋಡಿಸಿ ನಿಂತ. ರಪ್ಪನೆ ಬಗ್ಗಿ ಎರಡೂ ಅಂಗೈಯನ್ನು ನೆಲಕ್ಕೆ ಬಡಿದ. ಎದ್ದು ಮತ್ತೆ ಬಗ್ಗಿದ. ಮುಖದಲ್ಲಿ ನೋವೂ ಇತ್ತು, ಜಂಬವೂ ಇತ್ತು.

"ನಮ್ಮ ಹುಡುಗರಲ್ಲಿ ಅಂಗೈ ನೆಲ ಮುಟ್ಟೋದು ನಂದೊಂದೇ. ಇನ್ನೂ ಬಗ್ಗಲಿ ಅಂತ ಗೆಳೆಯನ ಕೈಲಿ ಬೆನ್ನು ಒತ್ತಿಸ್ಕೊತೀನಿ."

"ಪುಣ್ಯಾತ್ಮ," ಎಂದರು ಉಸ್ತಾದರು. "ಚಾಪೆ ಮೇಲೆ ಅಂಗಾತ ಮಲಗು."

ಹೆಗಲ ಮೇಲಿನ ಟವಲನ್ನು ಅವನ ಪಾದಕ್ಕೆ ಸುತ್ತಿ, ಎರಡು ತುದಿಗಳನ್ನೂ ಅವನ ಕೈಗೇ ಕೊಟ್ಟರು.

"ಮಂಡಿ ಮಡಿಸದೆ ಕಾಲೆತ್ತು. ಬೆನ್ನು ಚಾಪೆ ಬಿಡಬಾರದು."

ಕಾಲು ಅರ್ಧಕ್ಕೇ ನಿಂತು ನಡುಗಿತು. ಇನ್ನೊಂದು ಕಾಲೂ ಅಷ್ಟೇ. ಆಮೇಲೆ ಒಂದು ಮಂಡಿಯೂರಿಸಿ, ಬೆನ್ನು ನೆಟ್ಟಗಿಟ್ಟು ಸೊಂಟವನ್ನು ಮುಂದಕ್ಕೆ ಸರಿಸಲು ಹೇಳಿದರು. ತೊಡೆಯ ಮುಂಭಾಗ ಬಾವಿ ಹಗ್ಗದಂತೆ ಬಿಗಿದುಕೊಂಡಿತು.

"ನೋಡ್ದಾ? ಬಿಗಿ ಇರೋದು ತೊಡೆ. ಅದು ಬಗ್ಗಲ್ಲ ಅಂತ ಅದರ ಪಾಲಿನದನ್ನೂ ಬೆನ್ನೇ ಬಗ್ತದೆ. ನೀನು ಮನೇಗೋಗಿ ಆ ಬೆನ್ನನ್ನೇ ಮತ್ತೆ ಎಳೀತೀಯ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಯ್ತು."

ಮಾದೇಶ ಟವಲನ್ನು ಮಡಿಸಿ ಕೊಟ್ಟ.

ಉಸ್ತಾದರು ಅವನ ಚೆಂಡನ್ನು ತೆಗೆದುಕೊಂಡು ಗೋಡೆಯ ಗೂಡಿನಲ್ಲಿ, ಹನುಮಂತನ ಪಟದ ಮುಂದೆ ಇಟ್ಟರು.

"ಎಲ್ಲಿ ತನಕ ಉಸ್ತಾದ್ರೇ?"

"ನಾನು ಕೊಡೋ ತನಕ."

ಮಾರನೆಯ ದಿನದಿಂದ ಮಾದೇಶ ಗರಡಿಯ ಮೂಲೆಯ ಚಾಪೆಯವನಾದ. ಮೊದಲು ನದಿಯ ದಡದಲ್ಲಿ ನಡೆದು ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಟವಲು.

"ಎಷ್ಟು ಎಳೀಬೇಕು?" ಎಂದು ಕೇಳಿದ, ಹಲ್ಲು ಕಚ್ಚಿಕೊಂಡು.

"ನೆನ್ನೆ ಮನೇಲಿ ಏನು ಸಾರು?"

"ಉ... ಉಪ್... ಸಾರು."

"ಸಾರು ಗಂಟಲಲ್ಲೇ ಸಿಕ್ಕೊಂತು. ಕಾಲು ಇಳಿಸು."

ಕಾಲು ಸ್ವಲ್ಪ ಇಳಿಯಿತು.

"ಈಗ ಹೇಳು."

"ಉಪ್ಸಾರು. ಜತೆಗೆ ಬಿಸಿ ಮುದ್ದೆ."

"ಹಾಂ. ಅಷ್ಟೇ ಎಳೀಬೇಕು. ಅಲ್ಲೇ ಇದ್ದು ಉಸಿರಾಡು. ಮೈ ತಾನಾಗೇ ದಾರಿ ಬಿಡ್ತದೆ."

ಅಂದಿನಿಂದ ಉಸ್ತಾದರು ಪ್ರತಿ ಬೆಳಿಗ್ಗೆ ಸಾರು ಕೇಳುತ್ತಿದ್ದರು. ಕುಸ್ತಿ ಹುಡುಗರಿಗೆ ನಗುವೋ ನಗು. ಆದರೆ ಕಾಲು ಬೆರಳಷ್ಟು ಬೆರಳಷ್ಟೇ ಮೇಲೇರಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟ ಹಿಡಿದುಕೊಳ್ಳುವುದನ್ನು ಮಾದೇಶ ಮರೆತೇಬಿಟ್ಟ.

ಮರೆತದ್ದೇ ತಪ್ಪಾಯಿತು. ಒಂದು ಸಂಜೆ ಮೈದಾನದ ಕಡೆ ಹೋದ. ಗೆಳೆಯರು ಹುರಿದುಂಬಿಸಿದರು. ಇವನೂ ಚೆಂಡು ಕೇಳಿ ಪಡೆದು ಜೋರಾಗಿಯೇ ಹಾಕಿದ. ಕತ್ತಲಾಗುವಷ್ಟರಲ್ಲಿ ಸೊಂಟ ಹಳೆಯ ಜಾಗದಲ್ಲೇ ಚುಳ್ ಎಂದಿತು.

ಮರುದಿನ ಚಾಪೆಯ ಮೇಲೆ ಮಲಗಿದ.

"ಏನು ಸಾರು?"

"ಬ... ಬಸ್ಸಾರು."

"ನೆನ್ನೆ ಬೌಲಿಂಗ್ ಮಾಡ್ದಾ?"

"ಇಲ್ಲ ಉಸ್ತಾದ್ರೇ."

ಉಸ್ತಾದರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸಿತು ಮಾದೇಶನಿಗೆ.

ಅವರು ಗುದ್ದಲಿ ತಂದು ಕುಸ್ತಿಯ ಕೆಮ್ಮಣ್ಣಿನ ಅಂಕಣಕ್ಕೆ ಇಳಿದರು. ತುಳಿದು ತುಳಿದು ಗಟ್ಟಿಯಾಗಿದ್ದ ಮಣ್ಣನ್ನು ಮೂಲೆಯಿಂದ ಮೂಲೆಗೆ ಅಗೆದರು. ಹೆಂಟೆ ಒಡೆದು, ಮಜ್ಜಿಗೆ, ಎಣ್ಣೆ ಚಿಮುಕಿಸಿ, ಅಂಕಣದ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದರು.

"ಇನ್ನು ನಾನು ಹೇಳೋ ತನಕ ಯಾರೂ ಇಳೀಬೇಡಿ."

ಕುಸ್ತಿ ಹುಡುಗರು ಗೊಣಗಿದರು. ಪಂದ್ಯ ಹತ್ತಿರದಲ್ಲೇ ಇತ್ತು.

ಮಾದೇಶ ಹೆದರುತ್ತ ಹತ್ತಿರ ಬಂದ. "ಈ ಮಾತು ನನಗಾ ಉಸ್ತಾದ್ರೇ?"

"ಮಣ್ಣಿಗೆ. ಅಗೆದ ದಿನವೇ ತುಳಿದ್ರೆ ಅಗೆದದ್ದು ದಂಡ."

ಮಾದೇಶ ಹಗ್ಗದ ಬಳಿ ನಿಂತು ಅಗೆದ ಮಣ್ಣನ್ನು ನೋಡಿದ. ಆಮೇಲೆ ಚಾಪೆಗೆ ಹೋಗಿ ಮಲಗಿದ. ಕಾಲು ಎಷ್ಟು ಎತ್ತಿದರೆ ಮಾತು ಸಲೀಸಾಗಿ ಬರುತ್ತದೋ ಅಷ್ಟೇ ಎತ್ತಿದ. ಅದು ಬಹಳ ಕೆಳಗಿತ್ತು.

ಆಯ್ಕೆಯ ದಿನ ಬಂತು. ನಸುಕಿನಲ್ಲೇ ಎದ್ದು, ಬಿಳಿ ಬಟ್ಟೆ ತೊಟ್ಟು, ಮಾದೇಶ ಬಸ್ ನಿಲ್ದಾಣಕ್ಕೆ ಹೋದ. ಬಸ್ಸು ಬರುವ ಮೊದಲು ಒಂದು ಸಲ ಹಿಂದಕ್ಕೆ ಬಾಗಿ ನೋಡಿದ. ನೋವು ಇತ್ತು. ಚಿಕ್ಕದಾಗಿತ್ತು, ಆದರೆ ಇತ್ತು.

ಬಸ್ಸು ಬಂತು. ಗೆಳೆಯರು ಹತ್ತಿ, ಬಾರೋ ಎಂದು ಕೂಗಿದರು. ಬಸ್ಸು ಹೋಯಿತು.

ಬಿಳಿ ಬಟ್ಟೆಯಲ್ಲೇ ಗರಡಿಗೆ ಬಂದ ಅವನನ್ನು ಉಸ್ತಾದರು ಮೇಲಿಂದ ಕೆಳಗೆ ನೋಡಿದರು.

"ಆಯ್ಕೆ ಇವತ್ತಲ್ವಾ?"

"ಹೌದು. ಹೋಗ್ಲಿಲ್ಲ." ಮಾದೇಶ ತಡೆದು ಹೇಳಿದ. "ಇನ್ನೂ ಒಂಚೂರು ನೋವದೆ ಉಸ್ತಾದ್ರೇ. ಹಿಂದಕ್ಕೆ ಬಾಗಿದ್ರೆ ತಿಳೀತದೆ. ಅವತ್ತು ಬೌಲಿಂಗ್ ಮಾಡಿದ್ದೆ. ಸುಳ್ಳು ಹೇಳ್ದೆ."

"ಮಲಗು."

ಟವಲು ಪಾದ ಸುತ್ತಿತು. ಕಾಲು ಮೇಲೇರಿತು. ಹಿಂದೆಂದೂ ಅಷ್ಟು ಏರಿರಲಿಲ್ಲ.

"ಮನೇಲಿ ಏನು ಸಾರು?"

"ಸಾರಿಲ್ಲ. ಅವ್ವ ಪಾಯಸ ಮಾಡವ್ಳೆ. ನಾನು ಆಯ್ಕೆ ಆಯ್ತೀನಿ ಅಂತ."

ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಮಳೆಗಾಲ ಕಳೆದ್ಮೇಲೆ ಇನ್ನೊಂದು ಆಯ್ಕೆ ಅದಂತೆ," ಎಂದ, ಕಾಲನ್ನು ಹಾಗೇ ಹಿಡಿದುಕೊಂಡು.

ಉಸ್ತಾದರು ಎದ್ದು ಗೂಡಿನ ಬಳಿ ಹೋದರು. ಚೆಂಡಿನ ಧೂಳನ್ನು ಪಂಚೆಗೆ ಒರೆಸಿ ತಂದು ಅವನ ಕೈಯಲ್ಲಿಟ್ಟರು.

ಮಾದೇಶ ಎದ್ದು ಕುಳಿತ.

"ಇವತ್ತಿನ ಆಯ್ಕೆ ಕೈ ತಪ್ತು. ನೋವು ಇನ್ನೂ ಅದೆ. ಈಗ್ಯಾಕೆ ಚೆಂಡು ಕೊಡ್ತೀರಿ ಉಸ್ತಾದ್ರೇ?"

"ನೋವದೆ ಅಂತ ನೀನೇ ಹೇಳ್ದಲ್ಲ ಮಗಾ, ಅದಕ್ಕೇ."