ಮದುವೆಮನೆಯಲ್ಲಿ ಆಡಬಾರದ ಮಾತು

“ಗುರುಗಳೇ, ಬದುಕೇ ಬೇಡ ಎಂದು ಬಂದವನಿಗೆ ಮೊದಲು ಏನು ಹೇಳಬೇಕು?” ಎಂದು ಚನ್ನಬೀರ ಕೇಳಿದ.

ಚನ್ನಬೀರ ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಓದಿನಲ್ಲಿ ಅವನನ್ನು ಮೀರಿಸುವವರು ಅಲ್ಲಿ ಇರಲಿಲ್ಲ. ಹಿಂದಿನ ದಿನ ನೊಂದ ಮನುಷ್ಯನೊಬ್ಬ ಬಂದು ಅವನ ಮುಂದೆ ಕೂತಿದ್ದ. ಚನ್ನಬೀರ ಒಂದು ಗಂಟೆ ಬಿಡದೆ, ಸಂಸಾರವೆಲ್ಲ ಅನಿತ್ಯವೆಂದು ಬೋಧಿಸಿದ. ಆ ಮನುಷ್ಯ ಕೈಮುಗಿದು ಎದ್ದು ಹೊರಟೇಬಿಟ್ಟ. ಹೆಬ್ಬಾಗಿಲಲ್ಲಿ ಹೂ ಮಾರುವವಳು ಅವನ ಮುಖ ನೋಡಿ ಕೈಹಿಡಿದು ಕೂರಿಸಿಕೊಳ್ಳದೆ ಹೋಗಿದ್ದರೆ ಏನಾಗುತ್ತಿತ್ತೋ. ಈಗ ಅವನು ಅತಿಥಿಗಳ ಕೋಣೆಯಲ್ಲಿ ಮಲಗಿದ್ದ, ಪಕ್ಕದಲ್ಲಿ ಒಬ್ಬರು ಕಾವಲಿದ್ದರು. ಎದ್ದ ಮೇಲೆ ಅವನನ್ನು ಮತ್ತೆ ಮಾತಾಡಿಸಬೇಕಾದವನು ಚನ್ನಬೀರನೇ. ಮತ್ತೆ ತಪ್ಪು ಮಾತಾಡಿಬಿಟ್ಟರೆ ಎಂಬ ಹೆದರಿಕೆ ಅವನಿಗೆ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಅಡಿಗೆಯವನಿದ್ದ. ಸುತ್ತ ಹತ್ತೂರಿನವರು ಮದುವೆಗೆ ದಿನ ಗೊತ್ತುಮಾಡುವ ಮೊದಲು, ಅವನಿಗೆ ಬಿಡುವಿದೆಯೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಹಬೆಯ ವಾಸನೆ ಹಿಡಿದೇ ಸಾರಿಗೆ ಉಪ್ಪು ಸಾಲದು ಎಂದು ಹೇಳಬಲ್ಲವನು ಅವನು. ಅವನ ಜೊತೆ ತರಕಾರಿ ಹೆಚ್ಚಲು ಬರುವವಳು ಒಬ್ಬ ಮುದುಕಿ. ಅವಳ ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಆ ವರ್ಷ ಅಡಿಗೆಯವನ ಹೆಂಡತಿ ತೀರಿಕೊಂಡಳು. ತಿಥಿ ಮುಗಿಯುವಷ್ಟರಲ್ಲಿ ಮದುವೆಯ ಕಾಲ ಬಂತು. ಅವನು ಸೌಟು ಹಿಡಿದು ಹೊರಟ. ಮದುವೆಮನೆಯಲ್ಲಿ ಸಾವಿನ ಮಾತೆತ್ತಬಾರದು, ಕಣ್ಣೀರು ಹಾಕಬಾರದು ಎಂಬುದು ರೂಢಿ. ಅವನ ಬದುಕೋ ಒಂದು ಮದುವೆಮನೆಯಿಂದ ಇನ್ನೊಂದು ಮದುವೆಮನೆಗೆ. ಇವತ್ತು ಇಲ್ಲಿ ಚಪ್ಪರ, ನಾಳೆ ಅಲ್ಲಿ ಓಲಗ. ಯಾರಾದರೂ ಮರೆತು ಅವನ ಹೆಂಡತಿಯ ಸುದ್ದಿ ಎತ್ತಿದರೆ ಪಕ್ಕದವರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಹದಿನೆಂಟು ಮದುವೆ ಮುಗಿದರೂ ಅವನಿಗೆ ಕೂತು ಅಳಲು ಒಂದು ಮೂಲೆ ಸಿಗಲಿಲ್ಲ.

ಹತ್ತೊಂಬತ್ತನೆಯ ಮದುವೆಯಲ್ಲಿ ಅವನು ಕುದಿಯುವ ಹಾಲಿಗೆ ಬೆಲ್ಲ ಸುರಿದ. ಒಲೆಯಿಂದ ಇಳಿಸಿ, ಆರಿಸಿ, ಆಮೇಲೆ ಬೆಲ್ಲ ಹಾಕಬೇಕೆಂಬುದು ನಿನ್ನೆ ಮೊನ್ನೆ ಒಲೆ ಹಚ್ಚಿದವರಿಗೂ ಗೊತ್ತು. ಕೊಪ್ಪರಿಗೆ ತುಂಬ ಪಾಯಸ ಒಡೆದುಹೋಯಿತು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತ. ಸೌಟು ಕೆಳಗಿಟ್ಟ. ಉಗ್ರಾಣದೊಳಗೆ ಹೋಗಿ ಚಿಲಕ ಹಾಕಿಕೊಂಡ. ನನ್ನನ್ನು ಬಿಟ್ಟುಬಿಡಿ, ನನಗೆ ಇರುವುದೇ ಬೇಡ ಎಂದು ಒಳಗಿಂದ ಅವನ ದನಿ ಕೇಳಿಸಿತು.

ಮದುವೆಮನೆಗೆ ಮದುವೆಮನೆಯೇ ಬಾಗಿಲ ಮುಂದೆ ಬಂದು ನಿಂತಿತು. ಉಪ್ಪು, ತುಪ್ಪ ಎರಡೂ ಉಗ್ರಾಣದಲ್ಲೇ ಇದ್ದವು. ಹೆಣ್ಣಿನ ತಂದೆ, ಒಂದು ಪಾಯಸ ಹೋದರೆ ಹೋಯಿತು, ಅದಕ್ಕೆ ಇಷ್ಟು ಬೇಸರವೇ ಎಂದ. ಸೋದರಮಾವ, ಗಂಡಸಾದವನು ಧೈರ್ಯಗೆಡಬಾರದು ಎಂದ. ನೆಂಟರಲ್ಲಿ ಒಬ್ಬ ಪಂಡಿತನಿದ್ದ, ಬಹಳ ಓದಿದವನು. ಮನುಷ್ಯಜನ್ಮ ಎಷ್ಟು ದೊಡ್ಡದೆಂದು ಅವನು ಬಾಗಿಲಿಗೆ ಕಾಲು ಗಂಟೆ ಉಪನ್ಯಾಸ ಮಾಡಿದ. ಗಂಡಿನ ಕಡೆಯ ಹಿರಿಯನೊಬ್ಬ, ತುಪ್ಪದ ಡಬ್ಬಿಯನ್ನಾದರೂ ಈಚೆ ಕೊಟ್ಟಾನೇ ಎಂದು ವಿಚಾರಿಸಿದ. ಬಾಗಿಲು ಯಾರ ಮಾತಿಗೂ ಅಲುಗಲಿಲ್ಲ.

ಕತೆ ಇಲ್ಲಿಗೆ ಬಂದಾಗ ಚನ್ನಬೀರ ತಲೆ ತಗ್ಗಿಸಿದ. ಗುರುಗಳು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಮುದುಕಿ ಹಿತ್ತಲಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದವಳು ಗದ್ದಲ ಕೇಳಿ ಎದ್ದುಬಂದಳು. ಉಪ್ಪು ನೋಡು, ಹುಳಿ ನೋಡು ಎಂದು ಮೂರು ದಿನದಿಂದ ಅವನು ಅವಳ ಕೈಗೆ ಸೌಟು ಕೊಡುತ್ತಿದ್ದ. ತಾನು ನಾಲಿಗೆಗೆ ಹಚ್ಚುತ್ತಿರಲಿಲ್ಲ, ಊಟವನ್ನೂ ಮಾಡುತ್ತಿರಲಿಲ್ಲ. ಅದೆಲ್ಲ ಅವಳಿಗೆ ಈಗ ಒಟ್ಟಿಗೆ ಹೊಳೆಯಿತು. ಕುಂಬಳಕಾಯಿ ಸೀಳುವ ಕತ್ತಿ ಒಳಗೇ ಇದೆಯೆಂಬುದೂ ನೆನಪಾಯಿತು. ಮುದುಕಿಗೆ ಹೆದರಿಕೆಯಾಯಿತು. ಅಂದು ಅವಳ ದನಿ ತಗ್ಗಿದ್ದನ್ನು ಜನ ಮೊದಲ ಸಲ ಕೇಳಿದರು.

“ಮಗ, ಕುಂಬಳಕಾಯಿ ಹಂಗೇ ಬಿದ್ದೈತೆ. ಆ ಕತ್ತಿ ಇತ್ಲಾಗ್ ಕೊಡು.”

ಮೂವತ್ತು ವರ್ಷ ಅಡಿಗೆಮನೆಯಲ್ಲಿ ಕೇಳಿದ್ದನ್ನು ಕೇಳಿದವರ ಕೈಗೆ ಕೊಟ್ಟು ಅಭ್ಯಾಸವಾದ ಮನುಷ್ಯ ಅವನು. ಚಿಲಕ ಸರಿಯಿತು, ಕತ್ತಿಯ ಹಿಡಿ ಈಚೆ ಬಂತು. ಮುದುಕಿ ಅದನ್ನು ಪಾತ್ರೆ ತೊಳೆಯುವವಳ ಕೈಗೆ ದಾಟಿಸಿ, ದೂರ ಒಯ್ಯಲು ಕಣ್ಣಲ್ಲೇ ಹೇಳಿದಳು. ಆಮೇಲೆ ಉಪ್ಪು ಕೇಳಿದಳು, ಉಪ್ಪು ಬಂತು. ತುಪ್ಪ ಕೇಳಿದಳು, ಡಬ್ಬಿ ದೊಡ್ಡದಾದ್ದರಿಂದ ಬಾಗಿಲು ಅರ್ಧ ತೆರೆಯಬೇಕಾಯಿತು. ಗಂಡಿನ ಕಡೆಯ ಹಿರಿಯನ ಮುಖ ಅರಳಿತು. ಮುದುಕಿ ಹೊಸ್ತಿಲಲ್ಲೇ ಕೂತು, ಬಾಗಿಲು ಮತ್ತೆ ಮುಚ್ಚದಂತೆ ಕಾಲು ನೀಡಿದಳು. ನೆರೆದವರನ್ನೆಲ್ಲ ಹೋಗಿ ಮುಹೂರ್ತ ನೋಡಿಕೊಳ್ಳಿ ಎಂದು ಅಟ್ಟಿದಳು. ಪಂಡಿತನಿಗೆ ಇನ್ನೂ ಹೇಳುವುದಿತ್ತು. ಅವನನ್ನು ಎರಡು ಸಲ ಅಟ್ಟಬೇಕಾಯಿತು.

ಜನ ಕರಗಿದ ಮೇಲೆ ಅವಳು ಒಳಗೆ ತಿರುಗಿ ಕೇಳಿದಳು.

“ಸಾಯ್ಬೇಕು ಅನ್ನಿಸ್ತಾ ಐತಾ ಮಗ?”

ಆಚೆ ಹೂವು ತೆಗೆದುಕೊಂಡು ಹೋಗುತ್ತಿದ್ದ ಮದುಮಗಳ ಅತ್ತೆ ಗಕ್ಕನೆ ನಿಂತಳು. ಮದುವೆಮನೆಯಲ್ಲಿ, ಅದೂ ಮುಹೂರ್ತದ ಹೊತ್ತಿನಲ್ಲಿ ಇದೆಂಥ ಮಾತು ಎಂದು ಕಿವಿ ಮುಚ್ಚಿಕೊಂಡು ಓಡಿದಳು. ಮುದುಕಿ ಕತ್ತು ಕೂಡ ತಿರುಗಿಸಲಿಲ್ಲ. ಅವನ ಮುಖವನ್ನೇ ನೋಡುತ್ತ ಕಾದಳು.

“ಹೂಂ ಕಣವ್ವ,” ಎಂದ ಅಡಿಗೆಯವನು. “ಅವಳು ಹೋದ ದಿವಸದಿಂದಲೂ.”

ಅಷ್ಟು ಹೇಳಿ, ರೂಢಿಯಂತೆ ತುಟಿ ಕಚ್ಚಿಕೊಂಡ. ಅದೇ ಹೊತ್ತಿಗೆ ಹೊರಗೆ ಗಟ್ಟಿಮೇಳ ಶುರುವಾಯಿತು. ತಾಳಿ ಕಟ್ಟುವಾಗ ಕೆಟ್ಟ ಸದ್ದು ಯಾವುದೂ ಕಿವಿಗೆ ಬೀಳಬಾರದೆಂದು ಓಲಗದವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು, ಡೋಲಿನವನು ತೋಳು ನೋಯುವಂತೆ ಬಾರಿಸುತ್ತಿದ್ದ. ಮುದುಕಿ ಅವನ ಬೆನ್ನ ಮೇಲೆ ಕೈಯಿಟ್ಟು, ಈಗ ಎಷ್ಟು ಜೋರಾಗಿ ಅತ್ತರೂ ಯಾರಿಗೂ ಕೇಳುವುದಿಲ್ಲ, ಅತ್ತುಬಿಡು ಎಂದಳು. ಅವನು ಅತ್ತ. ಗಟ್ಟಿಮೇಳ ನಿಂತ ಮೇಲೂ ಅತ್ತ. ಅವಳು ಸುಮ್ಮನಿರು ಎನ್ನಲಿಲ್ಲ, ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಿಲ್ಲ. ಅವನು ಹೆಂಡತಿಯ ವಿಷಯ ಹೇಳುತ್ತ ಹೋದ. ಅವಳು ಕೇಳುತ್ತ ಕೂತಳು.

ಆಮೇಲೆ ಅವಳು ಒಂದು ಲೋಟ ಮಜ್ಜಿಗೆ ತರಿಸಿ, ಅವನು ಕುಡಿದು ಮುಗಿಸುವವರೆಗೆ ನೋಡಿದಳು. ನಿನಗೆ ಯಾರಿದ್ದಾರೆ ಎಂದು ಕೇಳಿದಳು. ಪಕ್ಕದ ಊರಿನಲ್ಲಿ ತಂಗಿ ಇದ್ದಳು. ಬಡಿಸುವವನೊಬ್ಬನನ್ನು ಸೈಕಲ್ ಹತ್ತಿಸಿ ಕಳಿಸಿದ್ದಾಯಿತು. ತಂಗಿ ಬರುವವರೆಗೆ ಮುದುಕಿ ಅವನನ್ನು ಕಣ್ಣಿಂದ ಮರೆಯಾಗಲು ಬಿಡಲಿಲ್ಲ. ಅವನು ಬಚ್ಚಲಿಗೆ ಹೋದರೆ ಬಾಗಿಲಲ್ಲಿ ನಿಂತು ಊರಿನ ಸುದ್ದಿಯೆಲ್ಲ ಹೇಳಿದಳು, ಉತ್ತರ ಬರುವವರೆಗೂ ಬಿಡಲಿಲ್ಲ. ನಡುವೆ ಒಡೆದ ಪಾಯಸಕ್ಕೆ ಏಲಕ್ಕಿ ಜಜ್ಜಿ ಹಾಕಿಸಿ, ಗಿಣ್ಣಿನ ಪಾಯಸವೆಂದು ಬಡಿಸಲು ಹೇಳಿದಳು. ಊಟ ಒಂದು ಗಂಟೆ ತಡವಾಯಿತು. ಬೀಗರು ಆ ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡರು.

ಮಾರನೆಯ ದಿನ ತಂಗಿಯೂ ಮುದುಕಿಯೂ ಅವನನ್ನು ಪೇಟೆಗೆ, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ವರ್ಷದ ಉಳಿದ ಮದುವೆಗಳನ್ನು ಬೇರೆಯವರು ಮಾಡಿದರು. ಮರುವರ್ಷ ಅವನು ಮತ್ತೆ ಸೌಟು ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ಚನ್ನಬೀರ ಇನ್ನೂ ಕಾಯುತ್ತಿದ್ದ. ಮುದುಕಿ ಕೊನೆಗೆ ಒಂದು ದೊಡ್ಡ ಮಾತು ಹೇಳುತ್ತಾಳೆ, ಅದನ್ನು ಕಲಿತು ಹೋಗಿ ಅತಿಥಿಗಳ ಕೋಣೆಯಲ್ಲಿ ಮಲಗಿದವನಿಗೆ ಹೇಳಬೇಕು ಎಂದು ಅವನು ಆಸೆಯಿಂದ ಕೂತಿದ್ದ.

“ಅವಳು ಉಪದೇಶವನ್ನೇ ಮಾಡಲಿಲ್ಲವಲ್ಲ, ಗುರುಗಳೇ. ಮತ್ತೆ ಅವನ ದುಃಖ ಹೋದದ್ದು ಹೇಗೆ?”

“ದುಃಖ ಇನ್ನೂ ಇದೆಯಪ್ಪ, ಅವನೂ ಇದ್ದಾನೆ,” ಎಂದರು ಗುರುಗಳು.

ಚನ್ನಬೀರ ಎದ್ದು, ಒಂದು ಲೋಟ ಮಜ್ಜಿಗೆ ಹಿಡಿದು ಅತಿಥಿಗಳ ಕೋಣೆಯ ಕಡೆ ನಡೆದ.